ನಡುಕದ ಬಟನ್

ಬೆಳಗಿನ ಕಾಫಿಯ ಲೋಟವನ್ನು ಬಟ್ಟಲಿನೊಳಗೆ ಇಡುವಾಗ ಅದು ಟಕಟಕಟಕ ಎಂದು ಸದ್ದು ಮಾಡತೊಡಗಿ ವರ್ಷವಾಗುತ್ತ ಬಂತು. ಬೇರೆ ಯಾರಾದರೂ ಆಗಿದ್ದರೆ ಮೊದಲ ದಿನವೇ ಗಾಬರಿಬಿದ್ದು ಡಾಕ್ಟರ ಹತ್ತಿರ ಓಡುತ್ತಿದ್ದರೋ ಏನೋ. ನಾನು ಮಾಡಿದ ಮೊದಲ ಕೆಲಸವೆಂದರೆ ಆ ಸದ್ದಿಗೆ ತಾಳ ಹಾಕಿ ನೋಡಿದ್ದು. ಬಲಗೈಯಲ್ಲಿ ಲೋಟ, ಎಡಗೈಯಲ್ಲಿ ತೊಡೆ ತಟ್ಟುವುದು, ಹೀಗೆ ಕಾಫಿ ಆರಿ ಕೆನೆಗಟ್ಟುವವರೆಗೆ ಕೂತಿದ್ದೆ. ಯಾವ ತಾಳಕ್ಕೂ ಸಿಗಲಿಲ್ಲ. ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ, ನಾನು ಗಮನಿಸುತ್ತಿದ್ದೇನೆಂದು ಗೊತ್ತಾದರೆ ಬೇಕೆಂದೇ ಜೋರಾಗುತ್ತದೆ. ಕೊನೆಗೆ ತಣ್ಣನೆಯ ಕಾಫಿ ಕುಡಿದು ಎದ್ದೆ.

ಇಂಥ ಕೈಯೇನೂ ಆಗಿರಲಿಲ್ಲ ನನ್ನದು. ಹೊಸೂರಿನಲ್ಲಿ ಕೈಗಡಿಯಾರ ಜೋಡಿಸುವ ಕೆಲಸದಲ್ಲಿ ತಲೆ ಹಣ್ಣು ಮಾಡಿಕೊಂಡವಳು ನಾನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಚಿಕ್ಕ ಸ್ಕ್ರೂ ಒಂದನ್ನು ಚಿಮಟದಲ್ಲಿ ಎತ್ತಿ ಅದರ ತೂತಿನಲ್ಲಿ ಕೂರಿಸಬೇಕು. ಜೋರಾಗಿ ಉಸಿರು ಬಿಟ್ಟರೂ ಅದು ಹಾರಿಹೋಗುತ್ತದೆ, ಆಮೇಲೆ ಮೇಜಿನ ಕೆಳಗೆ ಅಂಬೆಗಾಲಿಟ್ಟು ಹುಡುಕಬೇಕು. ಕೈ ನಡುಗುವವರಿಗೆ ಅಲ್ಲಿ ಜಾಗವಿಲ್ಲ, ಪ್ಯಾಕಿಂಗಿಗೆ ಕಳಿಸಿಬಿಡುತ್ತಾರೆ. ನನ್ನ ನಡುಕ ಮಾತ್ರ ಬಹಳ ಮರ್ಯಾದಸ್ಥ ನಡುಕ. ನಾನು ರಿಟೈರ್ ಆಗುವವರೆಗೆ ಹೊಸಿಲಾಚೆಯೇ ಕಾದಿದ್ದು, ಶಾಲು ಹೊದೆಸಿಕೊಂಡು ಹಾರ ಹಿಡಿದು ಮನೆಗೆ ಬಂದ ಮೇಲೆ ಒಳಗೆ ಕಾಲಿಟ್ಟಿತು.

ಕೃಷ್ಣಗಿರಿಯ ಡಾಕ್ಟರು ನನ್ನ ಎರಡೂ ಕೈ ಚಾಚಿಸಿ ನೋಡಿದರು. ಕಾಗದದ ಮೇಲೆ ಒಂದು ಸುರುಳಿ ಬರೆಯಿರಿ ಎಂದರು. ನಾನು ಬರೆದದ್ದು ಚಕ್ಕುಲಿಯ ಹಾಗೆ ಬಂತು, ಮುಳ್ಳು ಸಮೇತ. ಹೆದರುವ ಕಾಯಿಲೆಯೇನಲ್ಲ, ವಯಸ್ಸಿನ ನಡುಕ ಎಂದು ಹೇಳಿ ಮಾತ್ರೆ ಬರೆದರು. ಕೈಗೆ ರೆಸ್ಟ್ ಕೊಡಿ ಎಂದು ತಮಿಳಿನಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಹೇಳಿದರು. ಎರಡಕ್ಕೂ ತಲೆಯಾಡಿಸಿ ಬಸ್ ಹತ್ತಿದೆ. ಶೂಲಗಿರಿ ಬರುವಷ್ಟರಲ್ಲಿ ನನ್ನ ಬೆರಳುಗಳು ಮುಂದಿನ ಸೀಟಿನ ಕಂಬಿಯ ಮೇಲೆ ಬಾರಿಸುತ್ತಿದ್ದವು. ಆ ಸೀಟಿನಲ್ಲಿ ಕೂತಿದ್ದ ಹೆಂಗಸು ಹಿಂತಿರುಗಿ ನೋಡಿ, ಕಿಟಕಿಯ ಕಡೆ ಸರಿದು ಕೂತಳು.

ಬಾರಿಸುವುದು ನನಗೆ ಕಲೆಯಲ್ಲ, ಚಟ. ನಶ್ಯ ಹಾಕುವವರು ಮೂಗಿನ ಹತ್ತಿರ ಕೈ ಒಯ್ಯುವಂತೆ ನನ್ನ ಕೈ ಎದುರಿಗೆ ಸಿಕ್ಕಿದ್ದರ ಮೇಲೆ ಹೋಗುತ್ತದೆ. ಗೋಧಿ ಹಿಟ್ಟಿನ ಡಬ್ಬ, ಗ್ಯಾಸ್ ಸಿಲಿಂಡರು, ಮದುವೆಮನೆಯ ಊಟದ ಮೇಜು, ಕಷ್ಟ ಹೇಳಿಕೊಳ್ಳಲು ಬಂದು ಪಕ್ಕದಲ್ಲಿ ಕೂತವರ ಬೆನ್ನು. ಈ ಚಟಕ್ಕೆ ಸ್ವಲ್ಪ ಭಕ್ತಿ ಬೆರೆಸಿದರೆ ಅದಕ್ಕೆ ಭಜನೆ ಎಂದು ಹೆಸರು. ಮತ್ತಿಗಿರಿಯ ನಮ್ಮ ಹೆಂಗಸರ ಭಜನೆ ಗುಂಪಿನಲ್ಲಿ ಡೋಲಕ್ ನನ್ನದು. ಗುಂಪಿನಲ್ಲಿ ಕನ್ನಡದವರು, ತೆಲುಗಿನವರು, ತಮಿಳಿನವರು ಎಲ್ಲರೂ ಇದ್ದೇವೆ. ಹಾಡುವುದು ಒಂದು ಭಾಷೆಯಲ್ಲಿ, ಜಗಳ ಇನ್ನೊಂದರಲ್ಲಿ, ಪ್ರಸಾದ ಸಾಲಲಿಲ್ಲವೆಂದು ಕೇಳುವುದು ಮೂರರಲ್ಲೂ. ಮುಂದೆ ನಿಂತು ಹಾಡು ಎತ್ತುವವಳು ಸರೋಜಮ್ಮ. ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ; ಮನೆಮಾತು ತೆಲುಗು, ನನ್ನ ಜೊತೆ ಕನ್ನಡ, ಗಿರಾಕಿಗಳ ಜೊತೆ ತಮಿಳು. ಧನುರ್ಮಾಸ ಬಂತೆಂದರೆ ದಿನಾ ಬೆಳಗಿನ ಜಾವ ಆಂಜನೇಯನ ಗುಡಿಯಿಂದ ಹೊರಟು ಬೀದಿಗಳನ್ನೆಲ್ಲ ಸುತ್ತಿ ಹಾಡಿಕೊಂಡು ಬರುತ್ತೇವೆ. ಅವಳ ಎಡಪಕ್ಕದಲ್ಲಿ, ಕೊರಳಿಗೆ ಡೋಲಕ್ ನೇತುಹಾಕಿಕೊಂಡು ನಡೆಯುವ ಜಾಗ ನನ್ನದು. ನನ್ನ ಗಂಡ ಇದ್ದಾಗ, ಮನೆಯಲ್ಲಿ ನೀನು ಯಾರ ಮಾತಿಗೂ ತಾಳ ಹಾಕುವುದಿಲ್ಲ, ಬೀದಿಯಲ್ಲಿ ಮಾತ್ರ ಹಾಕುತ್ತೀಯ ಎಂದು ಛೇಡಿಸುತ್ತಿದ್ದರು. ನಿಜವೇ. ಆ ಜಾಗಕ್ಕೆ ಸಂಚಕಾರ ಬಂದದ್ದರಿಂದಲೇ ಇಷ್ಟೆಲ್ಲ ಬರೆಯುತ್ತ ಕೂತಿದ್ದೇನೆ.

ಆದರೆ ಅದಕ್ಕೆ ಮೊದಲು ಆನೆಗಳ ವಿಷಯ ಹೇಳಬೇಕು. ನಮ್ಮ ಕಡೆಯವರು ಏನು ಹೇಳಹೊರಟರೂ ಆನೆ ಅಡ್ಡ ಬಂದೇ ಬರುತ್ತದೆ, ಕ್ಷಮಿಸಿ.

ನನ್ನ ತವರು ಜವಳಗಿರಿಯ ಕಡೆ, ಕಾಡಿನ ಅಂಚು. ರಾಗಿ ತೆನೆ ಹಾಲುಗಟ್ಟುವ ಹೊತ್ತಿಗೆ ಆನೆಗಳು ಬರುತ್ತಿದ್ದವು. ಯಾರ ಹೊಲ ಯಾವಾಗ ಹದಕ್ಕೆ ಬರುತ್ತದೆಂದು ನಮ್ಮಪ್ಪನಿಗಿಂತ ಅವಕ್ಕೇ ಚೆನ್ನಾಗಿ ಗೊತ್ತಿತ್ತು. ಹೊತ್ತು ಇಳಿಯುವ ಮೊದಲೇ ಮಕ್ಕಳೆಲ್ಲ ಹೊಲದ ಅಟ್ಟಣೆ ಹತ್ತಿ ಡಬ್ಬ ಬಡಿಯಬೇಕು. ಸೀಮೆಎಣ್ಣೆಯ ಡಬ್ಬ, ಬಿಸ್ಕತ್ತಿನ ಡಬ್ಬ, ತೂತುಬಿದ್ದ ಬಿಂದಿಗೆ, ಯಾವುದಾದರೂ ಸರಿ. ಒಂದೇ ಸಮನೆ ಬಡಿದರೆ ಆನೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಡಿಯಬೇಕು, ಸುಮ್ಮನಾಗಬೇಕು, ಅದು ಇನ್ನೇನು ಸೊಂಡಿಲು ಚಾಚಿತು ಎನ್ನುವಾಗ ಮತ್ತೆ ಬಡಿಯಬೇಕು. ಅಟ್ಟಣೆಯ ಮೇಲೆ ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಪಕ್ಕದ ಹೊಲದವರು ಕೂಡ ನನ್ನನ್ನು ಎರವಲು ಕರೆದೊಯ್ಯುತ್ತಿದ್ದರು.

ಅಪ್ಪ ರಾಗಿ ಬೆಳೆಯುವವನು, ಊರಿನ ನಾಟಕಕ್ಕೆ ಮದ್ದಳೆಯವನು. ಮದ್ದಳೆಯ ಎಡಮುಖಕ್ಕೆ ಹಚ್ಚಲು ರವೆಯ ಕಣಕ ಬೇಕು. ನಮ್ಮ ಮನೆಗೆ ರವೆ ಬರುತ್ತಿದ್ದದ್ದು ಹಬ್ಬಕ್ಕೆ ಮಾತ್ರ. ಹಾಗಾಗಿ ಅಪ್ಪ ತಟ್ಟೆಯ ಮುದ್ದೆಯಿಂದ ಒಂದು ಚೂರು ಮುರಿದು, ನೀರು ಮುಟ್ಟಿಸಿ ನಾದಿ, ಅದನ್ನೇ ಮೆತ್ತುತ್ತಿದ್ದ. ಮೊದಲ ತುತ್ತು ಮದ್ದಳೆಗೆ, ಆಮೇಲಿನದು ಅವನಿಗೆ. ನಾಟಕದ ಮಾರನೆಯ ದಿನ ನಮ್ಮ ನಾಯಿ ಆ ಮುದ್ದೆ ನೆಕ್ಕಲು ಹೋಗಿ ಒದೆ ತಿನ್ನುತ್ತಿತ್ತು. ಹೆಣ್ಣುಮಕ್ಕಳು ಮದ್ದಳೆ ಮುಟ್ಟಬಾರದೆಂದು ನಮ್ಮಜ್ಜಿಯ ಕಟ್ಟಪ್ಪಣೆ. ಆ ಮಟ್ಟಿಗೆ ನನಗೂ ನಾಯಿಗೂ ಒಂದೇ ಕಾನೂನು.

ಒಂದು ಸಂಜೆ ಅಟ್ಟಣೆಯ ಮೇಲೆ ಅಪ್ಪನನ್ನು ಕೇಳಿಯೇಬಿಟ್ಟೆ.

“ಆನೆ ಬಂದ್ರೆ ಬಡಿಯಾಕೆ ನಾನ್ ಬೇಕು, ದ್ಯಾವ್ರ ಮುಂದೆ ಬಡಿಯಾಕೆ ಯಾಕಪ್ಪಾ ಬ್ಯಾಡ?”

ಅಪ್ಪ ಬೀಡಿ ಎಳೆಯುತ್ತ ಕಾಡಿನ ಕಡೆ ನೋಡುತ್ತಿದ್ದ. ಮಾರನೆಯ ದಿನ ಊಟಕ್ಕೆ ಕೂತಾಗ ಮುದ್ದೆಯ ಚೂರು ಮುರಿದು ನನ್ನ ಕೈಗೆ ಹಾಕಿ, ಮದ್ದಳೆಯ ಕಡೆ ಕತ್ತು ಆಡಿಸಿದ. ಅಜ್ಜಿ ನೋಡಿದಳು, ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು, ದೊಡ್ಡ ದನಿಯಲ್ಲಿ ಮನೆದೇವರನ್ನು ಕರೆದು ದೂರು ಹೇಳಿದಳು. ನಾನು ಮುದ್ದೆ ನಾದುತ್ತಲೇ ಇದ್ದೆ. ಕಿವಿ ಕೇಳಿಸದವಳ ಹಾಗೆ ಮುಂದುವರಿಯುವ ವಿದ್ಯೆಯನ್ನು ನಾನು ಅವತ್ತೇ ಕಲಿತದ್ದು, ಮದ್ದಳೆಗಿಂತ ಮೊದಲು.

ಅಪ್ಪನ ಬಾರಿಸುವಿಕೆಯಲ್ಲಿ ಒಂದು ವಿಚಿತ್ರವಿತ್ತು. ನಾಟಕದಲ್ಲಿ ರಾಜನ ವೇಷ ಹಾಕುತ್ತಿದ್ದ ಹಿರಿಯರೊಬ್ಬರಿಗೆ ಮಂಡಿ ನೋವು. ರಾಜ ಗಿರ್ರನೆ ಒಂದು ಸುತ್ತು ತಿರುಗಿ ನಿಲ್ಲುವ ಕಡೆ ಅವರಿಗೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಅಪ್ಪ ಅಲ್ಲಿ ಏಟನ್ನು ಕೂದಲೆಳೆಯಷ್ಟು ತಡೆದು, ಅವರ ಕಾಲು ನೆಲಕ್ಕೆ ಊರಿದ ಮೇಲೆ ಹಾಕುತ್ತಿದ್ದ. ನೋಡುವವರಿಗೆ ರಾಜನ ಗತ್ತು ಕಾಣುತ್ತಿತ್ತು, ಮಂಡಿ ಕಾಣುತ್ತಿರಲಿಲ್ಲ. ಆ ಹಿರಿಯರು ತೀರಿಕೊಂಡರು, ಗಟ್ಟಿ ಮಂಡಿಯ ಹುಡುಗರು ರಾಜರಾದರು, ಅಪ್ಪನ ಏಟು ಮಾತ್ರ ಅಲ್ಲಿ ತಡೆದೇ ಬೀಳುತ್ತಿತ್ತು. ಅವನನ್ನು ನೋಡಿ ಕಲಿತ ನನಗೂ ಅದು ಬಂತು. ಇವತ್ತು ಮತ್ತಿಗಿರಿಯ ಬೀದಿಯಲ್ಲಿ ರಾಮನ ಮೇಲಿನ ಭಜನೆಗೆ ಬಾರಿಸುವಾಗಲೂ ಮುಗಿಸುವ ಮೊದಲು ನನ್ನ ಕೈ ಒಂದು ಚಿಟಿಕೆ ನಿಲ್ಲುತ್ತದೆ. ನಾನು ಒಮ್ಮೆಯೂ ಮಾತಾಡಿಸದ ಒಬ್ಬ ಮುದುಕರ ಮಂಡಿ ನೋವು ಇಷ್ಟು ದೂರ ಬಂದು ನನ್ನ ಕೈಯಲ್ಲಿ ಉಳಿದಿದೆ.

ಈಗ ಲೋಕೇಶ. ಅವನು ನನ್ನ ತಮ್ಮನ ಮಗ, ನನ್ನ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲೇ ಇರುತ್ತಾನೆ. ಹಗಲು ಕಾರ್ಖಾನೆಯ ಯಂತ್ರಗಳಿಗೆ ಪ್ರೋಗ್ರಾಂ ಹಾಕುತ್ತಾನೆ, ಉಳಿದ ಹೊತ್ತು ಕಂಪ್ಯೂಟರಿನ ಮುಂದೆ ಕೂತು ಹಾಡು ಕಟ್ಟುತ್ತಾನೆ. ಸದ್ದು ಹೊರಗೆ ಹೋಗಬಾರದೆಂದು ಗೋಡೆಗೆಲ್ಲ ಹಳೆಯ ಕಂಬಳಿ, ಮೊಟ್ಟೆಯ ಟ್ರೇ ಬಡಿದಿದ್ದಾನೆ. ಅಷ್ಟು ಟ್ರೇ ಮಾಳಿಗೆ ಹತ್ತುವುದನ್ನು ಕಂಡ ಎದುರುಮನೆಯವರು ನಾನು ಮೊಟ್ಟೆ ವ್ಯಾಪಾರಕ್ಕೆ ಇಳಿದೆನೆಂದು ಪಾತ್ರೆ ಹಿಡಿದು ಬಂದಿದ್ದರು. ಕೈ ಇನ್ನೂ ನನ್ನ ಮಾತು ಕೇಳುತ್ತಿದ್ದ ಕಾಲದಲ್ಲಿ ಅವನು ಒಂದು ಭಾನುವಾರ ನನ್ನನ್ನು ಅಲ್ಲಿ ಕೂರಿಸಿ ಡೋಲಕ್ಕಿನ ಒಂದೊಂದೇ ಏಟನ್ನು ರೆಕಾರ್ಡ್ ಮಾಡಿಕೊಂಡ. ಬೆರಳ ತುದಿಯದು, ಅಂಗೈಯದು, ಮೆಲ್ಲಗಿನದು, ಜೋರಿನದು, ಒತ್ತಿ ಎಳೆದದ್ದು. ರೆಕಾರ್ಡಿಂಗ್ ಎಂದ ಮೇಲೆ ಫೋಟೋ ಕೂಡ ಇರುತ್ತದೆಂದು ನಾನು ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಸೀರೆಯ ಸರಸರ ಮೈಕಿಗೆ ಬರುತ್ತದೆಂದು ಕೆಳಗೆ ಕಳಿಸಿ ಹತ್ತಿಯದು ಉಟ್ಟು ಬಾ ಎಂದ. ಇದೆಲ್ಲ ಯಾಕೆಂದು ಕೇಳಿದ್ದಕ್ಕೆ, ಸುಮ್ಮನೆ ಇರಲಿ ಅತ್ತೆ, ಮುಂದಕ್ಕೆ ಬೇಕಾಗುತ್ತದೆ ಎಂದಿದ್ದ. ನನಗೂ ಹೆಮ್ಮೆಯೇ ಆಗಿತ್ತು.

ಆ ಮುಂದಕ್ಕೆ ಎನ್ನುವುದು ಇಷ್ಟು ಬೇಗ ಬರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕಳೆದ ಕಾರ್ತಿಕದಲ್ಲಿ ಗುಡಿಯ ಭಜನೆಯ ನಡುವೆ ನನ್ನ ಏಟು ಜಾರಿ ಡೋಲಕ್ಕಿನ ಮರಕ್ಕೆ ಬಿತ್ತು. ಸರೋಜಮ್ಮ ತಡವರಿಸಿ ಸಾಲನ್ನೇ ನುಂಗಿದಳು. ಆಮೇಲೆ ಚಿತ್ರಾನ್ನ ಹಂಚುವಾಗ ನನ್ನ ದೊನ್ನೆಗೆ ಎಂದಿಗಿಂತ ಹೆಚ್ಚು ಕಡಲೆಕಾಯಿ ಬೀಜ ಬಿತ್ತು. ಇವರೆಲ್ಲ ನನ್ನ ಮೇಲೆ ಕನಿಕರಪಡುತ್ತಿದ್ದಾರೆಂದು ನನಗೆ ಗೊತ್ತಾದದ್ದು ಆಗ.

ಕೆಲವು ದಿನದ ಮೇಲೆ ಸರೋಜಮ್ಮ ಬಾಳೆಹಣ್ಣು ತೆಗೆದುಕೊಂಡು ಮನೆಗೆ ಬಂದಳು. ಅವಳ ಹಿಂದೆಯೇ ಲೋಕೇಶ ಮಾಳಿಗೆಯಿಂದ ಇಳಿದು ಬಂದ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆಂದು ಅವರು ಕೂತ ರೀತಿಯಲ್ಲೇ ತಿಳಿಯಿತು. ಈ ಸಲ ಧನುರ್ಮಾಸಕ್ಕೆ ಡೋಲಕ್ ಕಂಪ್ಯೂಟರಿನಿಂದ ಬರಲಿ, ಸ್ಪೀಕರನ್ನು ತಳ್ಳುಗಾಡಿಯಲ್ಲಿಟ್ಟು ಜೊತೆಗೆ ತಳ್ಳಿಕೊಂಡು ಹೋಗೋಣ, ನನ್ನ ಕೈಗೂ ಸುಖ ಎಂದು ಅವರ ಯೋಜನೆ. ನಾನು ಬಾಳೆಹಣ್ಣು ಸುಲಿಯುತ್ತ ಕೇಳಿದೆ. ಸರೋಜಮ್ಮ ನನ್ನ ಮಂಡಿಯ ಮೇಲೆ ಕೈಯಿಟ್ಟಳು.

“ಅದೂ ನೀನೇ ಅಲ್ವಾ ರತ್ನಕ್ಕಾ? ಅದ್ರಾಗಿರೋವೆಲ್ಲಾ ನಿನ್ ಏಟೇ. ನೀನು ನಮ್ ಜೊತೆ ಸುಮ್ಕೆ ಕೈ ಮುಕ್ಕೊಂಡು ನಡ್ಕೊಂಡ್ ಬಾ.”

ಅದು ನಾನಾದರೆ ಕೈ ಮುಗಿದುಕೊಂಡು ಬರುವವಳು ಯಾರು ಎಂದು ಕೇಳಬೇಕೆನಿಸಿತು. ಬಾಯಲ್ಲಿ ಹಣ್ಣಿತ್ತು. ನನಗೆ ಅಳು ಬಂದಿತ್ತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಒಳ್ಳೆಯ ಮನಸ್ಸಿನಿಂದ ಹೇಳುವವರ ಮೇಲೆ ಬರುವ ಸಿಟ್ಟು ಬಲು ಕಷ್ಟದ್ದು, ಅದನ್ನು ಇಡಲು ಜಾಗವೇ ಇರುವುದಿಲ್ಲ. ಅವರು ಹೋದ ಮೇಲೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆದೆ.

ಮುಂದಿನ ಭಾನುವಾರ ಮಾಳಿಗೆ ಹತ್ತಿ, ಎಲ್ಲಿ ತೋರಿಸು ನನ್ನನ್ನು ಎಂದೆ. ಲೋಕೇಶ ಹಾಕಿದ. ನನ್ನದೇ ಏಟುಗಳು, ನನ್ನದೇ ಡೋಲಕ್ಕಿನ ನಾದ, ಸಂದೇಹವಿಲ್ಲ. ಆದರೆ ಕೈಗಡಿಯಾರದ ಹಾಗೆ ನಡೆಯುತ್ತಿತ್ತು. ಒಂದೇ ಸಮ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದರ ಸಂಬಳದಲ್ಲೇ ಈ ಮನೆ ಕಟ್ಟಿದ್ದು. ಗಡಿಯಾರ ಹಾಗೆ ನಡೆಯದಿದ್ದರೆ ವಾಪಸ್ ಬರುತ್ತದೆ, ಭಜನೆ ಹಾಗೆ ನಡೆದರೆ ಜನ ವಾಪಸ್ ಹೋಗುತ್ತಾರೆ. ಮುಗಿಸುವ ಕಡೆ ಬಂತು. ಏಟು ತಡೆಯದೆ ನೆಟ್ಟಗೆ ಬಿತ್ತು. ಮಂಡಿ ಎಲ್ಲಿ ಹೋಯಿತೋ ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಅಪ್ಪನ ಕಥೆ ಹೇಳಿದೆ. ನಾನು ಬಾರಿಸಿದ್ದ ಹಳೆಯ ಭಜನೆಯ ರೆಕಾರ್ಡಿಂಗ್ ಒಂದರಲ್ಲಿ ಪ್ರತಿ ಸಲವೂ ಅಲ್ಲಿ ಏಟು ತಡವಾಗಿದ್ದನ್ನು ಕಂಡು, ತಪ್ಪೆಂದು ತಿಳಿದು ಎಲ್ಲವನ್ನೂ ಕೂತು ಸಾಲಿಗೆ ತಂದಿದ್ದನಂತೆ. ತನ್ನ ತಾತನ ಮದ್ದಳೆಯನ್ನೇ ತಾನು ಹಾಗೆ ತಿದ್ದಿಬಿಟ್ಟೆನೆಂದು ಗೊತ್ತಾಗಿ ಅವನ ಮುಖ ಸಣ್ಣದಾಯಿತು.

ಆಮೇಲೆ ಅವನೇ, ಇದು ಹೀಗೆ ತೀರಾ ನೀಟಾಗಿದ್ದರೆ ಮನುಷ್ಯರು ಬಾರಿಸಿದಂತೆ ಕೇಳುವುದಿಲ್ಲ, ಅದಕ್ಕೂ ಒಂದು ಉಪಾಯವಿದೆ ಎಂದು ಪರದೆಯ ಮೇಲೆ ರೇಡಿಯೋದ ತಿರುಗಣೆಯಂಥ ಒಂದು ಬಟನ್ ತೋರಿಸಿದ. ಅದನ್ನು ತಿರುಗಿಸಿದರೆ ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಒಂದು ಏಟನ್ನು ಚೂರು ಮುಂದಕ್ಕೆ, ಒಂದನ್ನು ಚೂರು ಹಿಂದಕ್ಕೆ, ಒಂದನ್ನು ಮೆಲ್ಲಗೆ, ಒಂದನ್ನು ಜೋರಾಗಿ ಹಾಕುತ್ತದೆ. ಎಷ್ಟು ತಿರುಗಿಸಿದರೆ ಅಷ್ಟು ಮನುಷ್ಯತನ.

“ಅಂದ್ರೆ ನಡುಗ್ತೈತೆ?” ಎಂದೆ.

“ಊಂ ಅತ್ತೆ. ಒಂಥರಾ ನಡುಗ್ಸೋದೇ.”

ನಾನು ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಹೋದೆ. ಕಣ್ಣಲ್ಲಿ ನೀರು ಬಂತು, ಪಕ್ಕೆ ಹಿಡಿದುಕೊಂಡಿತು. ಲೋಕೇಶ ಗಾಬರಿಯಾಗಿ ನೀರು ತಂದುಕೊಟ್ಟ. ಆ ಲೋಟವೂ ನನ್ನ ಕೈಯಲ್ಲಿ ಟಕಟಕ ಎಂದಾಗ ಅವನಿಗೆ ತಾನೇನು ಹೇಳಿದೆನೆಂದು ಹೊಳೆಯಿತು, ಅವನೂ ನಕ್ಕ, ಆಮೇಲೆ ತಲೆ ತಗ್ಗಿಸಿದ. ನೀವೇ ಹೇಳಿ. ನನ್ನ ಕೈ ನಡುಗಿದರೆ ಮಾತ್ರೆ, ರೆಸ್ಟು, ದೊನ್ನೆಯಲ್ಲಿ ಹೆಚ್ಚಿನ ಕಡಲೆಕಾಯಿ ಬೀಜ. ಕಂಪ್ಯೂಟರಿಗೆ ನಡುಕವಿಲ್ಲವೆಂದು ನಡುಕ ತಂದು ಹಾಕುತ್ತಾರೆ, ಹಾಕಿದ ಮೇಲೆ ಎಷ್ಟು ಚೆನ್ನಾಗಿದೆ ಎಂದು ತಲೆದೂಗುತ್ತಾರೆ. ಅಪ್ಪ ತಡೆದದ್ದರ ಹಿಂದೆ ಒಂದು ಮಂಡಿ ಇತ್ತು. ಸರೋಜಮ್ಮನಿಗೆ ದಮ್ಮು, ಏರು ಸಾಲಿನ ಕೊನೆಗೆ ಉಸಿರು ಸಾಲುವುದಿಲ್ಲವೆಂದು ನಾನು ಅಲ್ಲಿ ಸ್ವಲ್ಪ ಅವಸರ ಮಾಡುತ್ತೇನೆ. ಕಂಪ್ಯೂಟರಿನ ನಡುಕದ ಹಿಂದೆ ಯಾರಿದ್ದಾರೆ? ಯಾರೂ ಇಲ್ಲ. ನ್ಯಾಯವಾಗಿ ಹೇಳಬೇಕೆಂದರೆ ನನ್ನ ಈಗಿನ ನಡುಕದ ಹಿಂದೆಯೂ ಯಾರೂ ಇಲ್ಲ, ಬರೀ ನರ. ಆ ಲೆಕ್ಕದಲ್ಲಿ ನಾವಿಬ್ಬರೂ ಒಂದೇ ಜಾತಿ.

ಆದರೆ ಲೋಕೇಶ ನಮ್ಮ ವಂಶದವನು, ಹಿಡಿದದ್ದನ್ನು ಬಿಡುವವನಲ್ಲ. ಮಂಡಿಯನ್ನು ಅದರ ಜಾಗಕ್ಕೆ ತಂದಿಟ್ಟ. ಸರೋಜಮ್ಮನ ದಮ್ಮಿಗೆ ಬೇಕಾದ ಅವಸರವನ್ನೂ ಸೇರಿಸಿದ. ನಡುಕದ ಬಟನ್ನನ್ನು ಒಂದು ಕೂದಲಷ್ಟು ತಿರುಗಿಸಿ ಬಿಟ್ಟ. ನಾನು ಒಳಗೊಳಗೇ ನನ್ನ ವಾದ ಸಿದ್ಧಮಾಡಿಕೊಂಡಿದ್ದೆ. ಊರಿನಲ್ಲಿ ನನ್ನ ತಂಗಿಯ ಗಂಡ ಆನೆ ಓಡಿಸಲು ಹೊಲಕ್ಕೆ ಒಂದು ಸ್ಪೀಕರ್ ತಂದು ತಮಟೆಯ ರೆಕಾರ್ಡ್ ಹಾಕಿದ್ದ. ಮೊದಮೊದಲು ಆನೆಗಳು ಓಡಿದವು. ಆಮೇಲೆ ಒಂದು ದಿನ ನೋಡಿದರೆ ಒಂಟಿಸಲಗವೊಂದು ಸ್ಪೀಕರಿನ ಪಕ್ಕದಲ್ಲೇ ನಿಂತು, ತಮಟೆ ಕೇಳುತ್ತ, ನೆಮ್ಮದಿಯಾಗಿ ರಾಗಿ ಮೇಯುತ್ತಿತ್ತು. ಆನೆಗೆ ತಿಳಿದದ್ದು ನಿಮಗೆ ತಿಳಿಯುವುದಿಲ್ಲವೇ ಎಂದು ಇವರನ್ನೆಲ್ಲ ಕೇಳಬೇಕೆಂದಿದ್ದೆ. ಲೋಕೇಶ ಒಂದು ಪರೀಕ್ಷೆ ಇಟ್ಟ. ನನ್ನನ್ನು ಬೆನ್ನು ಮಾಡಿ ಕೂರಿಸಿ, ನನ್ನ ಹಳೆಯ ರೆಕಾರ್ಡಿಂಗಿನದೊಂದು, ಕಂಪ್ಯೂಟರಿನದೊಂದು, ಎರಡು ತುಣುಕು ಕೇಳಿಸಿ, ಯಾವುದು ನೀನು ಹೇಳು ಎಂದ. ಸರೋಜಮ್ಮನೂ ಸಾಕ್ಷಿಗೆ ಬಂದಿದ್ದಳು. ನಾನು ಕಣ್ಣುಮುಚ್ಚಿ ಕೇಳಿ, ಮೊದಲನೆಯದು ನಾನು, ಎರಡನೆಯದು ನಿನ್ನ ಡಬ್ಬ, ಅದರಲ್ಲಿ ಜೀವವೇ ಇಲ್ಲ ಎಂದು ತೀರ್ಪು ಕೊಟ್ಟೆ. ಜೀವವಿಲ್ಲದ ಎರಡನೆಯದು ನಾನಾಗಿದ್ದೆ.

ಆನೆಗಿರುವ ಕಿವಿ ನನಗಿಲ್ಲ ಎಂದು ಸಾಬೀತಾಯಿತು. ವಾದಕ್ಕೆ ಏನೂ ಉಳಿಯಲಿಲ್ಲ. ಮನುಷ್ಯರ ಕೈಯಲ್ಲಿ ಏನೋ ಇರುತ್ತದೆ, ಅದನ್ನು ಯಂತ್ರ ಹಿಡಿಯಲಾರದು ಎಂದು ದೊಡ್ಡ ಮಾತಾಡುವವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆಯನ್ನೂ ಕಳೆದುಕೊಂಡೆ. ಹಿಡಿಯುತ್ತದೆ ಸ್ವಾಮಿ, ಚೆನ್ನಾಗಿಯೇ ಹಿಡಿಯುತ್ತದೆ, ನನ್ನನ್ನು ನನಗಿಂತ ಚೆನ್ನಾಗಿ ಹಿಡಿದಿತ್ತು. ಈಗಲಾದರೂ ಒಪ್ಪಿಕೋ ಅಕ್ಕ ಎಂದು ಸರೋಜಮ್ಮ ಮೆಲ್ಲಗೆ ಹೇಳಿದಳು. ಸೋತೆ, ಆದರೆ ಡೋಲಕ್ ಕೆಳಗಿಡುವುದಿಲ್ಲ ಎಂದೆ. ಇದು ನ್ಯಾಯವೇ ಎಂದು ಅವಳು ಕೇಳಿದಳು. ಅಲ್ಲ ಎಂದೆ.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನನ್ನ ನಾಲಗೆ ಎಲ್ಲಿ ಬಿಡುತ್ತದೆ?

“ನಿನ್ ಮೊಬೈಲಾಗೆ ನಿನಗಿಂತ ಚೆಂದಾಗಿ ಹಾಡೋರು ಸಾವ್ರ ಜನ ಅವ್ರೆ ಸರೋಜಾ. ದಮ್ಮು ಇಟ್ಕೊಂಡು ನೀನ್ಯಾಕೆ ಬೀದಿನಾಗೆ ಕೂಗ್ತೀಯ? ಅವ್ರನ್ನೂ ಗಾಡಿ ಮ್ಯಾಗೆ ಇಕ್ಕು. ಇಬ್ರೂ ಕೈ ಮುಕ್ಕೊಂಡು ಹೋಗೋಣ.”

ಅವಳು ಎದ್ದು ಹೋದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು. ಅವಳ ಅಂಗಡಿಗೆ ನಾನು ಕೊಟ್ಟಿದ್ದ ರವಿಕೆ ಬೇರೆಯವರ ಕೈಯಲ್ಲಿ ಬಂತು, ತೋಳು ಬಿಗಿ. ನನಗೆ ಬೇಜಾರಾಯಿತು, ಆದರೆ ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳಬೇಕೆನಿಸಲಿಲ್ಲ. ಅವಳು ಚೆನ್ನಾಗಿ ಹಾಡುತ್ತಾಳೆಂದು ಹಾಡುತ್ತಿಲ್ಲ, ನಾನು ಚೆನ್ನಾಗಿ ಬಾರಿಸುತ್ತೇನೆಂದು ಬಾರಿಸುತ್ತಿಲ್ಲ. ಆಂಜನೇಯನಿಗೆ ಒಳ್ಳೆಯ ಡೋಲಕ್ಕೇ ಬೇಕಿದ್ದರೆ ಅವನು ಮತ್ತಿಗಿರಿಯಲ್ಲಿ ಯಾಕೆ ಕೂರುತ್ತಿದ್ದ? ನನಗೆ ಬಾರಿಸಬೇಕು, ಅಷ್ಟೇ. ನನಗಿಂತ ಚೆನ್ನಾಗಿ ಊಟ ಮಾಡುವವರು ಸಿಕ್ಕರೆಂದು ನಾನು ತಟ್ಟೆ ಬಿಟ್ಟು ಏಳುತ್ತೇನೆಯೇ?

ಧನುರ್ಮಾಸದ ಮೊದಲ ಬೆಳಗು ಬಂತು. ಹೊಸೂರಿನ ಕಡೆಯ ಚಳಿ ನಿಮಗೆ ಗೊತ್ತಿದ್ದರೆ ಗೊತ್ತು, ಮೂಗಿನ ತುದಿ ಯಾರದೋ ಎನ್ನಿಸುತ್ತದೆ. ನಾನು ತಲೆಗೆ ಸ್ನಾನ ಮಾಡಿ, ಸ್ವೆಟರಿನ ಮೇಲೆ ಡೋಲಕ್ಕಿನ ಹಗ್ಗ ಹಾಕಿಕೊಂಡು ಗುಡಿಯ ಮುಂದೆ ಬಂದೆ. ಹೆಂಗಸರೆಲ್ಲ ಸೇರಿದ್ದರು. ತಳ್ಳುಗಾಡಿಗೆ ಸೇವಂತಿಗೆ ಹಾರ ಹಾಕಿ, ಸ್ಪೀಕರಿಗೆ ಕುಂಕುಮ ಇಟ್ಟಿದ್ದರು. ಮಫ್ಲರ್ ಸುತ್ತಿಕೊಂಡ ಲೋಕೇಶ ಗಾಡಿಯ ಹಿಂದೆ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ. ಸ್ಪೀಕರ್ ಇದ್ದದ್ದು ಸರೋಜಮ್ಮನ ಎಡಪಕ್ಕದಲ್ಲಿ.

ಎಲ್ಲರೂ ಮೊದಲು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಸರೋಜಮ್ಮ ಮೌನ ಮುರಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹಾಳು ಕನಿಕರ.

“ಚಳಿ ಐತಕ್ಕಾ. ಕೈ ಇನ್ನೂ ನಡುಗ್ತೈತೆ.”

“ನಡುಗ್ಲಿ. ಗಾಡಿ ಮ್ಯಾಗಿರೋದಕ್ಕೆ ನನ್ನ ಅಳಿಯ ನಡುಕ ಹಾಕವ್ನೆ, ನಂಗೆ ದ್ಯಾವ್ರು ಹಾಕವ್ನೆ. ನಾನು ಗಾಡಿ ಬ್ಯಾಡ ಅನ್ನಾಕಿಲ್ಲ. ನನ್ ಜಾಗ ಬಿಡು ಅಂತೀನಿ.”

ಯಾರೂ ಅಲುಗಾಡಲಿಲ್ಲ. ನಾನೇ ಹೋಗಿ ಗಾಡಿಯ ಹಿಡಿ ಹಿಡಿದು ಒಂದು ಮಾರು ಹಿಂದಕ್ಕೆ ತಳ್ಳಿದೆ. ಚಕ್ರ ಲೋಕೇಶನ ಕಾಲಿನ ಮೇಲೆ ಹತ್ತಿತು, ಪಾಪ, ಅವನು ಸದ್ದು ಮಾಡಲಿಲ್ಲ. ಖಾಲಿಯಾದ ಕಡೆ ಹೋಗಿ ನಿಂತು ಹಗ್ಗ ಸರಿಮಾಡಿಕೊಂಡೆ. ಇವತ್ತು ಏಟು ಜಾರಿದರೆ ಮತ್ತೆ ಈ ಜಾಗ ಕೇಳುವ ಮುಖ ನನಗಿರುವುದಿಲ್ಲ ಎಂದು ಗೊತ್ತಿತ್ತು.

ಅರ್ಚಕರು ಮಂಗಳಾರತಿ ಮುಗಿಸಿ ಗಂಟೆ ಕೆಳಗಿಟ್ಟರು. ಹಾಡು ಎತ್ತುವ ಹೊತ್ತು. ಒಪ್ಪಂದದ ಪ್ರಕಾರ ಲೋಕೇಶ ಬಟನ್ ಒತ್ತಬೇಕು, ಡೋಲಕ್ ಬರಬೇಕು, ಸರೋಜಮ್ಮ ಶುರುಮಾಡಬೇಕು. ಲೋಕೇಶ ಬೆರಳು ಎತ್ತಿ, ಒತ್ತಲೇ ಎಂದು ಕೇಳುವವನ ಹಾಗೆ ಅವಳನ್ನು ನೋಡಿದ. ಅವಳು ಅವನ ಕಡೆ ತಿರುಗಲೇ ಇಲ್ಲ. ತಾಳವನ್ನು ಎದೆಯ ಮಟ್ಟಕ್ಕೆ ಎತ್ತಿ, ಬಾಯಿ ಅರ್ಧ ತೆರೆದು, ಎಡಕ್ಕೆ ತಿರುಗಿ ನನ್ನ ಮುಖ ನೋಡಿದಳು. ಬೇಕೆಂದು ನೋಡಿದಳೋ, ಕತ್ತಿಗೆ ಅದೇ ರೂಢಿಯಾಗಿತ್ತೋ, ನಾನು ಇವತ್ತಿಗೂ ಕೇಳಿಲ್ಲ. ಹಿಂದಿದ್ದ ಹೆಂಗಸರೂ ಅವಳು ನೋಡಿದ ಕಡೆಗೇ ನೋಡಿದರು.

ನಾನು ಕೈ ಎತ್ತಿದೆ. ಅದು ಗಾಳಿಯಲ್ಲಿ ತನ್ನ ಪಾಡಿಗೆ ತಾನು ನಡುಗಿತು, ಎಲ್ಲರಿಗೂ ಕಾಣುವ ಹಾಗೆ. ನಾನು ಅದನ್ನು ಮುಚ್ಚಿಕೊಳ್ಳಲಿಲ್ಲ, ಅವಸರಿಸಲೂ ಇಲ್ಲ. ಏಟು ತಡವಾಗಿಯೇ ಬಿತ್ತು. ಅಲ್ಲಿಯವರೆಗೆ ಹಾಡು ಶುರುವಾಗಲಿಲ್ಲ.